ಏವ್‌ಬರಿಯ ಕಲ್ಲುಗಳೂ ಅವುಗಳ ಸಂಪಾದಕರೂ

ಇಂಗ್ಲೆಂಡಿಗೆ ಹೋಗಿಬಂದ ನಮ್ಮವರಲ್ಲಿ ಸ್ಟೋನ್‌ಹೆಂಜನ್ನು ಕಂಡೆವೆನ್ನುವವರು ಬಹುಮಂದಿ ಸಿಕ್ಕುತ್ತಾರೆ. ಅಲ್ಲಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿರುವ ಏವ್‌ಬರಿಯನ್ನು ಕಂಡವರು ವಿರಳ. ಕಂಡವರೂ ಸ್ವಿಂಡನ್ ಕಡೆಯ ಬಸ್ಸಿನಿಂದಿಳಿದು, ಕುರಿಗಳ ನಡುವೆ ನಿಂತ ನಾಲ್ಕು ಕಲ್ಲುಗಳ ಚಿತ್ರ ತೆಗೆದುಕೊಂಡು, ಆ ಕಲ್ಲುಗಳ ವೃತ್ತದೊಳಗೇ ಇರುವ ಹುಲ್ಲುಮಾಡಿನ ಪಾನಗೃಹದಲ್ಲಿ ಊಟ ಮುಗಿಸಿ, ಮುಂದಿನ ಬಸ್ಸಿಗೆ ಹೊರಟುಬಿಡುತ್ತಾರೆ. ಮೊದಲ ಸಲ ನಾನು ಮಾಡಿದ್ದೂ ಇದನ್ನೇ. ಎರಡನೆಯ ಸಲ ಹೋಗುವ ಮುನ್ನ ಈ ಊರನ್ನು ಕುರಿತು ಬರೆದವರನ್ನು ಒಂದಷ್ಟು ಓದಿಕೊಂಡಿದ್ದೆ. ಆ ಓದಿನಿಂದ ನನ್ನ ನೋಟ ತಿದ್ದಿತೋ ಕೆಟ್ಟಿತೋ ಹೇಳಲಾರೆ. ಮೊದಲ ಸಲ ಕಂಡ ಏವ್‌ಬರಿ ಮಾತ್ರ ಮತ್ತೆ ನನಗೆ ಕಾಣಿಸಲಿಲ್ಲ.

ಆದ್ದರಿಂದ ಇದು ಪ್ರವಾಸಕಥನವಲ್ಲ. ಒಂದು ಊರನ್ನು ಗ್ರಂಥವೆಂದು ಭಾವಿಸಿ, ಅದನ್ನು ಓದಿದವರ ಓದನ್ನು ಪರೀಕ್ಷಿಸುವ ಯತ್ನ. ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುವ ಕೆಲಸ ನಮ್ಮಲ್ಲಿ ಪರಿಚಿತವಾದದ್ದೇ. ಕಲ್ಲುಗಳಿಗೂ ಆ ಕೆಲಸ ನಡೆದಿದೆ. ನಮ್ಮಲ್ಲಿ ಏಳುವ ಜಗಳಗಳೇ ಅಲ್ಲಿಯೂ ಎದ್ದಿವೆ.

ಮೊದಲು ಸ್ಥಳವಿವರ. ಪ್ಯಾರಿಷ್ ಎಂದರೆ ಒಂದು ಚರ್ಚಿನ ಸುತ್ತ ಏರ್ಪಟ್ಟ ಗ್ರಾಮ. ನಮ್ಮಲ್ಲಿ ಒಂದು ದೊಡ್ಡ ಊರಿಗೆ ಮಜರೆಗಳು ಸೇರಿಕೊಂಡಿರುವಂತೆ, ವಿಲ್ಟ್‌ಷೈರಿನ ಈ ಏವ್‌ಬರಿಗೆ ಬೆಕ್‌ಹ್ಯಾಂಪ್ಟನ್, ವೆಸ್ಟ್ ಕೆನೆಟ್, ಟ್ರಸ್ಲೋ ಎಂಬ ಸಣ್ಣ ಹಳ್ಳಿಗಳು ಸೇರಿವೆ. ಒಂದು ಬೆಳಗ್ಗೆ ಹೊರಟು ಸಂಜೆಯೊಳಗೆ ಕಾಲ್ನಡಿಗೆಯಲ್ಲಿ ಸುತ್ತಿಬರಬಹುದಾದಷ್ಟು ನೆಲದಲ್ಲಿ ಮೂರು ನಾಲ್ಕು ಸಾವಿರ ವರ್ಷಗಳ ಬೇರೆಬೇರೆ ಪದರಗಳಿವೆ. ಉತ್ತರಕ್ಕೆ ವಿಂಡ್‌ಮಿಲ್ ಹಿಲ್ ಎಂಬ ತಗ್ಗಾದ ಗುಡ್ಡ. ಅದರ ಮೇಲೆ ಕ್ರಿ. ಪೂ. 3650ರ ಸುಮಾರಿನ ಅಗಳ್ತೆಗಳು. ದಕ್ಷಿಣಕ್ಕೆ ಅದೇ ಕಾಲದ, ಮುನ್ನೂರು ಅಡಿಗೂ ಮಿಕ್ಕಿ ಉದ್ದವಿರುವ ವೆಸ್ಟ್ ಕೆನೆಟ್ ಸಮಾಧಿದಿಬ್ಬ. ಅದರೆದುರಿಗೆ ಸಿಲ್‌ಬರಿ ಎಂಬ, ಮನುಷ್ಯರೇ ಸುಣ್ಣಗಲ್ಲಿನ ಮಣ್ಣು ಹೊತ್ತು ಒಟ್ಟಿದ ಬೆಟ್ಟ. ಪೂರ್ವದ ದಿಣ್ಣೆಯ ಮೇಲೆ ಸ್ಯಾಂಕ್ಚುರಿ. ಇವೆಲ್ಲದರ ನಡುವೆ, ಸುಮಾರು ಇಪ್ಪತ್ತೆಂಟು ಎಕರೆ ನೆಲವನ್ನು ಬಳಸಿಕೊಂಡಿರುವ ಭಾರಿ ದಿಬ್ಬ, ಅದರೊಳಗೆ ಕಂದಕ, ಕಂದಕದ ಅಂಚಿನಲ್ಲಿ ಸುಮಾರು ನೂರು ಕಲ್ಲುಗಳಿದ್ದ ಮಹಾವೃತ್ತ, ಅದರೊಳಗೆ ಮತ್ತೆರಡು ವೃತ್ತಗಳು. ಶಿಲಾವೃತ್ತಗಳಲ್ಲಿ ಜಗತ್ತಿನಲ್ಲೇ ಇದಕ್ಕಿಂತ ದೊಡ್ಡದಿಲ್ಲ. ಆ ವೃತ್ತದೊಳಕ್ಕೆ ಊರೂ ಹೊಕ್ಕಿದೆ, ಹೆದ್ದಾರಿಯೂ ಹೊಕ್ಕಿದೆ. ಕೆಲವು ಕಲ್ಲುಗಳ ತೂಕ ನಲವತ್ತು ಟನ್ನಿಗೂ ಹೆಚ್ಚು. ಸ್ಟೋನ್‌ಹೆಂಜಿನ ಕಲ್ಲುಗಳಿಗಿರುವಂತೆ ಇವಕ್ಕೆ ಉಳಿಪೆಟ್ಟು ಬಿದ್ದಿಲ್ಲ. ಹತ್ತಿರದ ಬಯಲುಗಳಲ್ಲಿ ಹೇಗೆ ಬಿದ್ದಿದ್ದುವೋ ಹಾಗೆಯೇ ಎಳೆದು ತಂದು ನಿಲ್ಲಿಸಿದ್ದಾರೆ. ಇಂಥ ಕಲ್ಲುಗಳಿಗೆ ಸಾರ್ಸನ್ ಎಂದು ಹೆಸರು. ಈಗಲೂ ಪೂರ್ವದ ಫೈಫೀಲ್ಡ್ ಬಯಲಿನಲ್ಲಿ ಅವು ಸಾವಿರಗಟ್ಟಲೆ ಬಿದ್ದುಕೊಂಡಿವೆ. ದೂರದಿಂದ ನೋಡಿದರೆ ಮಲಗಿದ ಕುರಿಮಂದೆಯೇ ಸರಿ. ಊರವರು ಅವುಗಳನ್ನು ಬೂದುಬಣ್ಣದ ಕುರಿಗಳೆಂದೇ ಕರೆಯುತ್ತಾರೆ.

ಇಂಗ್ಲಿಷರ ಗ್ರಾಮ ಕೈಪಿಡಿಗಳಿಗೆ ಒಂದು ಸಂಪ್ರದಾಯವಿದೆ. ಮೊದಲು ಚರ್ಚು, ಆಮೇಲೆ ಜಮೀನ್ದಾರರ ಮನೆ, ಕೊನೆಗೆ ಹೊಲದಲ್ಲಿರುವ ಪ್ರಾಚೀನ ಅವಶೇಷಗಳು. ಸಾಮಾನ್ಯವಾಗಿ ಈ ಕ್ರಮವನ್ನು ಕಂಡರೆ ನನಗೆ ನಗು ಬರುತ್ತದೆ. ಏವ್‌ಬರಿಯಲ್ಲಿ ಮಾತ್ರ ಅದು ಅರಿಯದೆಯೇ ಒಳ್ಳೆಯ ಪ್ರವೇಶವಾಗಿದೆ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚು ಕಂದಕದ ಹೊರಗೆ, ಪಶ್ಚಿಮಕ್ಕಿದೆ. ಅದರ ನಡುಮನೆಯ ಗೋಡೆಗಳು ನಾರ್ಮನ್ನರು ಬರುವುದಕ್ಕೂ ಹಿಂದಿನ ಸ್ಯಾಕ್ಸನ್ ಕಾಲದವು. ಜ್ಞಾನಸ್ನಾನದ ಕಲ್ಲುತೊಟ್ಟಿಯ ಮೇಲೆ ಒಬ್ಬ ಬಿಷಪ್ಪನನ್ನೂ ಅವನ ಇಕ್ಕೆಲದಲ್ಲಿ ಹಾವಿನಂಥ ಎರಡು ಪ್ರಾಣಿಗಳನ್ನೂ ಕೆತ್ತಿದ್ದಾರೆ. ಗರ್ಭಗೃಹದ ಮುಂದೆ ಹದಿನೈದನೆಯ ಶತಮಾನದ ಮರದ ಅಟ್ಟವಿದೆ. ಮತಸುಧಾರಣೆಯ ಕಾಲದಲ್ಲಿ ಇಂಥ ಅಟ್ಟಗಳನ್ನು ದೇಶದಾದ್ಯಂತ ಒಡೆದುಹಾಕಿದರು. ಏವ್‌ಬರಿಯವರು ಒಡೆಯಲಿಲ್ಲ, ಮೇಲೆ ಗಾರೆ ಬಳಿದು ಮುಚ್ಚಿಬಿಟ್ಟರು. ಅದು ಮತ್ತೆ ಬೆಳಕು ಕಂಡದ್ದು 1810ರಲ್ಲಿ. ಈ ಅಟ್ಟದ ಕಥೆಯನ್ನು ವಾಚಕರು ನೆನಪಿನಲ್ಲಿಡಬೇಕು. ಹೊರಗಿನ ಕಲ್ಲುಗಳಿಗೂ ಒಂದು ಕಾಲದಲ್ಲಿ ಇದೇ ಗತಿಯಾಯಿತು.

ಏವ್‌ಬರಿಯ ಮೊದಲ ಓದುಗ ಜಾನ್ ಆಬ್ರಿ. 1649ರ ಜನವರಿಯಲ್ಲಿ, ಇಪ್ಪತ್ತೆರಡರ ಯುವಕನಾಗಿದ್ದಾಗ, ಬೇಟೆಯ ಗುಂಪಿನ ಜೊತೆ ಕುದುರೆಯ ಮೇಲೆ ಹೋಗುತ್ತಿದ್ದವನು ಈ ಊರಿನೊಳಗೆ ಬಂದು ಬೆಕ್ಕಸಬೆರಗಾಗಿ ನಿಂತುಬಿಟ್ಟ. ನಾಯಿಗಳ ಬೊಗಳು ದೂರದಲ್ಲಿ ಕೇಳಿದ ಮೇಲೆಯೇ ಸಂಗಡಿಗರನ್ನು ಹಿಂಬಾಲಿಸಿದ. ಅಲ್ಲಿಯ ರೈತರು ಈ ಕಲ್ಲುಗಳ ನಡುವೆ ತಲೆತಲಾಂತರದಿಂದ ಬಾಳುತ್ತಿದ್ದರು. ಕಲ್ಲುಗಳಿದ್ದುವೆಂಬುದು ಯಾರಿಗೂ ಹೊಸತಲ್ಲ. ಇವು ಒಂದು ರಚನೆಯ ಅಂಗಗಳೆಂದು ಕಂಡದ್ದು ಮಾತ್ರ ಆಬ್ರಿಯ ಕಣ್ಣು. ಬಿಡಿಬಿಡಿ ಪದ್ಯಗಳಾಗಿ ಜನರ ಬಾಯಲ್ಲಿದ್ದುದನ್ನು ಕಾವ್ಯವೆಂದು ಗುರುತಿಸಿದಂತೆ. ಮುಂದೆ 1663ರಲ್ಲಿ ದೊರೆ ಎರಡನೆಯ ಚಾರ್ಲ್ಸನನ್ನೇ ಕರೆತಂದು ಊರನ್ನು ತೋರಿಸಿದ. ದೊಡ್ಡ ಕೆಥೀಡ್ರಲಿನ ಮುಂದೆ ಹಳ್ಳಿಯ ಚರ್ಚು ಹೇಗೋ ಏವ್‌ಬರಿಯ ಮುಂದೆ ಸ್ಟೋನ್‌ಹೆಂಜು ಹಾಗೆ ಎಂಬುದು ಅವನ ಅಭಿಪ್ರಾಯ. ಇಂದು ಪ್ರವಾಸಿಗಳ ಸಂಖ್ಯೆಯನ್ನು ನೋಡಿದರೆ ಲೋಕ ಈ ಮಾತನ್ನು ಒಪ್ಪಿದಂತಿಲ್ಲ. ನಾನು ಆಬ್ರಿಯ ಪಕ್ಷ.

ಆಬ್ರಿಯಲ್ಲಿ ನನಗೆ ಮೆಚ್ಚಿಕೆಯಾದದ್ದು ಅವನ ಸಂಕೋಚ. ಸ್ಟೋನ್‌ಹೆಂಜು ರೋಮನರದೆಂದು ಒಬ್ಬ, ಡೇನರದೆಂದು ಇನ್ನೊಬ್ಬ ಪ್ರೌಢಗ್ರಂಥಗಳನ್ನು ಬರೆಯುತ್ತಿದ್ದ ಕಾಲದಲ್ಲಿ, ಇಂಥ ವೃತ್ತಗಳು ರೋಮನರೂ ಡೇನರೂ ಕಾಲಿಡದ ಕಡೆಗಳಲ್ಲಿಯೂ ಇವೆಯಲ್ಲ, ಹಾಗಾದರೆ ಇವರಿಬ್ಬರಿಗಿಂತ ಮುಂಚಿನವರದೇ ಆಗಿರಬೇಕಲ್ಲ ಎಂದು ತರ್ಕಿಸಿದ. ಮುಂಚಿನವರೆಂದರೆ ಡ್ರೂಯಿಡ್ ಪೂಜಾರಿಗಳು ಇದ್ದಿರಬಹುದೆಂದು ಊಹೆ ಮಾಡಿದ, ಊಹೆಯೆಂದೇ ಹೇಳಿದ. ಅವನ ಗ್ರಂಥ ಬದುಕಿರುವಾಗ ಅಚ್ಚಾಗಲಿಲ್ಲ. ಹಸ್ತಪ್ರತಿಯಾಗಿಯೇ ಆಕ್ಸ್‌ಫರ್ಡಿನಲ್ಲಿ ಮಲಗಿದ್ದು, 1980ರ ದಶಕದ ಆರಂಭದಲ್ಲಿ ಮುದ್ರಣ ಕಂಡಿತು. ಸುಮಾರು ಮುನ್ನೂರು ವರ್ಷದ ವಿಳಂಬ! ನಮ್ಮಲ್ಲಿ ಪುಸ್ತಕ ಅಚ್ಚಿಗೆ ತಡವಾಯಿತೆಂದು ಪ್ರಕಾಶಕರನ್ನು ಬಯ್ಯುವ ಲೇಖಕಮಿತ್ರರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು.

ಆಬ್ರಿಯ ಸಂಕೋಚ ಎರಡನೆಯ ಓದುಗನಿಗೆ ಇರಲಿಲ್ಲ. ವಿಲಿಯಂ ಸ್ಟ್ಯೂಕ್ಲಿ ವೃತ್ತಿಯಿಂದ ವೈದ್ಯ, ಮುಂದೆ ಪಾದ್ರಿಯಾದ. 1719ರಿಂದ 1724ರ ವರೆಗೆ ವರ್ಷವರ್ಷವೂ ಏವ್‌ಬರಿಗೆ ಬಂದು, ಅಳೆದು, ಚಿತ್ರ ಬರೆದು, ಟಿಪ್ಪಣಿ ಮಾಡಿಕೊಂಡ. ಅವನು ಬಂದ ಕಾಲವೇ ಕೇಡಿನ ಕಾಲ. ಊರವರು ಕಲ್ಲುಗಳನ್ನು ಒಡೆದು ಮನೆ ಕಟ್ಟಿಕೊಳ್ಳುತ್ತಿದ್ದರು. ಒಡೆಯುವ ಕ್ರಮವನ್ನೂ ಅವನೇ ದಾಖಲೆ ಮಾಡಿದ್ದಾನೆ: ಕಲ್ಲಿನ ಬುಡದಲ್ಲಿ ಗುಂಡಿ ತೋಡುವುದು, ಕಲ್ಲನ್ನು ಅದರೊಳಕ್ಕೆ ಕೆಡವುವುದು, ಹುಲ್ಲು ತುಂಬಿ ಬೆಂಕಿ ಹಾಕುವುದು, ಕಾದು ಕೆಂಪಾದಾಗ ತಣ್ಣೀರು ಸುರಿದು ಸುತ್ತಿಗೆಯಿಂದ ಹೊಡೆಯುವುದು. ಟಾಮ್ ರಾಬಿನ್‌ಸನ್ ಎಂಬ ಊರವನನ್ನು ಕಲ್ಲುಗಳ ಕೊಲೆಗಾರನೆಂದು ಹೆಸರು ಹಿಡಿದು ಶಪಿಸಿದ್ದಾನೆ. ಬೆಟ್ಟದ ಮೇಲಿನ ಸ್ಯಾಂಕ್ಚುರಿಯ ಕಲ್ಲುಗಳೆಲ್ಲ ಅವನ ಕಣ್ಣೆದುರಿಗೇ, 1724ರ ಹೊತ್ತಿಗೆ, ಮಾಯವಾದುವು. ಅವುಗಳನ್ನು ನಿಂತಿದ್ದಂತೆ ಕಂಡು ಬರೆದಿಟ್ಟವರಲ್ಲಿ ಅವನೇ ಕೊನೆಯವನು. ಆ ಐದಾರು ವರ್ಷಗಳ ಟಿಪ್ಪಣಿಗಳಿಲ್ಲದಿದ್ದರೆ ಏವ್‌ಬರಿಯ ಅರ್ಧ ಭಾಗ ನಮ್ಮ ಪಾಲಿಗೆ ಲುಪ್ತವಾಗುತ್ತಿತ್ತು.

ತೊಂದರೆ ಬಂದದ್ದು 1743ರಲ್ಲಿ ಅವನು ಪುಸ್ತಕವನ್ನು ಅಚ್ಚುಹಾಕಿಸಿದಾಗ. ಇಪ್ಪತ್ತು ವರ್ಷಗಳಲ್ಲಿ ಅವನ ತಲೆಯೊಳಗೆ ಒಂದು ಸಿದ್ಧಾಂತ ಬೆಳೆದಿತ್ತು. ಏವ್‌ಬರಿ ಡ್ರೂಯಿಡರ ದೇವಾಲಯ. ಆ ಡ್ರೂಯಿಡರು ಅಬ್ರಹಾಮನ ಧರ್ಮಕ್ಕೆ ಸೇರಿದವರು. ಒಟ್ಟು ರಚನೆ ಒಂದು ವೃತ್ತದ ಮೂಲಕ ಹಾದುಹೋಗುವ ಮಹಾಸರ್ಪ. ವೃತ್ತದಿಂದ ಆಗ್ನೇಯಕ್ಕೆ ಹೋಗುವ ಕಲ್ಲುಸಾಲು ಸರ್ಪದ ಒಂದು ಅರ್ಧ, ಪಶ್ಚಿಮಕ್ಕೆ ಬೆಕ್‌ಹ್ಯಾಂಪ್ಟನ್ ಕಡೆ ಹೋಗುವ ಸಾಲು ಇನ್ನೊಂದು ಅರ್ಧ, ಸ್ಯಾಂಕ್ಚುರಿ ಅದರ ತಲೆ. ತಲೆ ದುಂಡಗಿದ್ದರೆ ಹಾವಿನಂತೆ ಕಾಣುವುದಿಲ್ಲವಲ್ಲ! ಆದ್ದರಿಂದ ತಾನೇ ಸ್ಥಳದಲ್ಲಿ ವೃತ್ತವೆಂದು ಅಳೆದಿದ್ದ ಸ್ಯಾಂಕ್ಚುರಿಯನ್ನು ಪುಸ್ತಕದಲ್ಲಿ ಅಂಡಾಕಾರಕ್ಕೆ ಎಳೆದುಬಿಟ್ಟ.

ವಿಮರ್ಶೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ. ಪುರಾತತ್ತ್ವಜ್ಞ ಸ್ಟುವರ್ಟ್ ಪಿಗಟ್ 1950ರಲ್ಲಿ ಸ್ಟ್ಯೂಕ್ಲಿಯ ಜೀವನಚರಿತ್ರೆಯನ್ನು ಬರೆದ, ಸೊಗಸಾದ ಪುಸ್ತಕ. ಅದರಲ್ಲಿ ಸ್ಟ್ಯೂಕ್ಲಿ ಇಬ್ಬರಾಗಿ ಕಾಣುತ್ತಾನೆ: ಯೌವನದ ನಿರ್ಮಲ ವಿಜ್ಞಾನಿ ಒಬ್ಬ, ಪಾದ್ರಿಯಾದ ಮೇಲೆ ಭ್ರಾಂತನಾದವ ಇನ್ನೊಬ್ಬ. ಮುಂದಿನ ವಿದ್ವಾಂಸರು ಹಸ್ತಪ್ರತಿಗಳನ್ನು ನೋಡಿ ಈ ವಿಭಜನೆಯನ್ನು ಒಪ್ಪಲಿಲ್ಲ. ದೇವರು ಧರ್ಮಗಳ ಚಿಂತೆ ಅವನಿಗೆ ಮೊದಲಿನಿಂದಲೂ ಇತ್ತು, ಅಳತೆಯ ಶ್ರದ್ಧೆಗೆ ಆ ಚಿಂತೆಯೇ ಬೇರು ಎಂದರು. ನನಗೂ ಇದೇ ಸರಿಯೆನ್ನಿಸುತ್ತದೆ. ನಂಬಿಕೆಯಿಲ್ಲದವನು ಐದು ವರ್ಷ ಮಳೆಗಾಳಿಯಲ್ಲಿ ನಿಂತು, ಒಡೆಯುತ್ತಿದ್ದ ಕಲ್ಲುಗಳ ಲೆಕ್ಕ ಬರೆದುಕೊಳ್ಳುತ್ತಿದ್ದನೆ? ಅವನ ಸಿದ್ಧಾಂತವನ್ನು ನಾನು ಕ್ಷಮಿಸಬಲ್ಲೆ. ಸಿದ್ಧಾಂತಕ್ಕಾಗಿ ಪಾಠವನ್ನು ತಿದ್ದಿದ್ದನ್ನು ಕ್ಷಮಿಸಲಾರೆ. ಛಂದಸ್ಸು ತನ್ನ ಲಕ್ಷಣಕ್ಕೆ ಹೊಂದಲಿಲ್ಲವೆಂದು ಕವಿಯ ಪದವನ್ನು ಬದಲಾಯಿಸಿ, ಅಡಿಟಿಪ್ಪಣಿಯಲ್ಲಿ ಮೂಲವನ್ನು ಕೊಡದೆ ಸುಮ್ಮನಾಗುವ ಸಂಪಾದಕನ ಅಪರಾಧವಿದು. ಪುಣ್ಯಕ್ಕೆ ಸ್ಟ್ಯೂಕ್ಲಿ ತನ್ನ ಹಳೆಯ ಟಿಪ್ಪಣಿಗಳನ್ನು ಸುಡಲಿಲ್ಲ. ಅವನನ್ನು ಹಿಡಿದದ್ದು ಅವನ ಕೈಬರಹವೇ.

ಇನ್ನೊಂದು ಸ್ವಾರಸ್ಯವಿದೆ. ಪಶ್ಚಿಮದ ಬೆಕ್‌ಹ್ಯಾಂಪ್ಟನ್ ಸಾಲಿನ ಕಲ್ಲುಗಳಲ್ಲಿ ಇಂದು ನಿಂತಿರುವುದು ಹೆಚ್ಚೆಂದರೆ ಒಂದೆರಡು. ಆ ಸಾಲೇ ಸ್ಟ್ಯೂಕ್ಲಿಯ ಕಲ್ಪನೆ, ಹಾವಿಗೆ ಬಾಲ ಬೇಕಾಗಿ ಹುಟ್ಟಿಸಿಕೊಂಡದ್ದು ಎಂದು ಬಹುಕಾಲ ಅನೇಕ ವಿದ್ವಾಂಸರು ಸಂದೇಹಪಟ್ಟರು. 1999ರಲ್ಲಿ ವಿಶ್ವವಿದ್ಯಾನಿಲಯಗಳ ತಂಡವೊಂದು ಆ ಹೊಲದಲ್ಲಿ ಅಗೆದಾಗ ಕಲ್ಲು ನಿಂತಿದ್ದ ಗುಂಡಿಗಳು, ಹೂತ ಕಲ್ಲುಗಳು, ಒಡೆದ ಕಲ್ಲಿನ ಗುರುತುಗಳು ಸಾಲಾಗಿ ಕಂಡುವು. ಸುಳ್ಳುಗಾರನೆನ್ನಿಸಿಕೊಂಡವನು ನಿಜ ಹೇಳಿದ್ದ! ಸಿದ್ಧಾಂತ ತಪ್ಪಾದವನ ಸಾಕ್ಷ್ಯವೂ ತಪ್ಪಾಗಿರಲೇಬೇಕೆಂಬ ಅವಸರದ ನ್ಯಾಯ ನಮ್ಮ ಸಾಹಿತ್ಯ ಚರ್ಚೆಗಳಲ್ಲಿಯೂ ಇಲ್ಲದಿಲ್ಲ.

ಸ್ಟ್ಯೂಕ್ಲಿಯ ಡ್ರೂಯಿಡರು ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ, ನಮ್ಮ ಸುರಪುರದ ವರೆಗೂ ಬಂದರು. 1850ರ ದಶಕದಲ್ಲಿ ಮೆಡೋಸ್ ಟೇಲರ್ ಸಾಹೇಬರು ಸುರಪುರ ಸಂಸ್ಥಾನದ ಕಲ್ಲುಮನೆಗಳನ್ನೂ ಶಿಲಾವೃತ್ತಗಳನ್ನೂ ಅಗೆದು ಬರೆದ ಪ್ರಬಂಧದ ತಲೆಬರಹದಲ್ಲಿಯೇ ಅವನ್ನು ಸಿಥಿಯನ್-ಡ್ರೂಯಿಡ್ ಅವಶೇಷಗಳೆಂದು ಕರೆದರು. ಅಗೆತದ ವಿವರಗಳು ಇಂದಿಗೂ ಬೆಲೆಯುಳ್ಳವು. ತಲೆಬರಹ ಮಾತ್ರ ಬಿದ್ದುಹೋಯಿತು. ನಮ್ಮ ಕಲ್ಲುಗೋರಿಗಳು ಕಬ್ಬಿಣದ ಕಾಲದವೆಂಬುದು 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆದ ಮೇಲೆ ಸ್ಥಿರವಾಯಿತು. ಏವ್‌ಬರಿಯ ಕಲ್ಲುಗಳಿಗೆ ಅವು ಬಹಳ ಕಿರಿಯವು. ಅಂದಹಾಗೆ, ಸ್ಟ್ಯೂಕ್ಲಿಯ ಚರಿತ್ರೆ ಬರೆದ ಆ ಪಿಗಟ್ ಮಹಾಶಯನೂ ಎರಡನೆಯ ಮಹಾಯುದ್ಧದಲ್ಲಿ ವಿಮಾನಚಿತ್ರಗಳನ್ನು ಓದುವ ಕೆಲಸದ ಮೇಲೆ ಇಂಡಿಯಾಕ್ಕೆ ಬಂದಿದ್ದವನೇ. ಇಲ್ಲಿ ಕಲಿತದ್ದನ್ನು ಭಾರತದ ಪ್ರಾಗಿತಿಹಾಸವನ್ನು ಕುರಿತ ಪುಸ್ತಕವಾಗಿ 1950ರಲ್ಲೇ ಹೊರತಂದ. ಅದಿರಲಿ.

ಮೂರನೆಯವನು ಅಲೆಕ್ಸಾಂಡರ್ ಕೀಲರ್. ಇವನು ಓದುಗನಲ್ಲ, ಸಂಪಾದಕ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ಕಿತ್ತಳೆಯ ಮುರಬ್ಬ ಮಾಡಿ ಲೋಕಕ್ಕೆಲ್ಲ ಮಾರಿದ ಮನೆತನದ ಉತ್ತರಾಧಿಕಾರಿ; ಹಣಕ್ಕೆ ಕೊರತೆಯಿಲ್ಲ. ವಿಂಡ್‌ಮಿಲ್ ಹಿಲ್ಲಿನ ನೆತ್ತಿಯಲ್ಲಿ ನಿಸ್ತಂತು ಕಂಬ ಹಾಕುವ ಯೋಜನೆ ಬಂದಾಗ ಗುಡ್ಡವನ್ನೇ ಕೊಂಡುಬಿಟ್ಟ. 1925ರಿಂದ 1929ರ ವರೆಗೆ ಅಲ್ಲಿ ಅಗೆದ. ಆಮೇಲೆ ಏವ್‌ಬರಿಯ ನೆಲವನ್ನೂ, ಮನೆಗಳನ್ನೂ, ಹದಿನಾರನೆಯ ಶತಮಾನದ ಜಮೀನ್ದಾರಿ ಬಂಗಲೆಯನ್ನೂ ಒಂದೊಂದಾಗಿ ತನ್ನದಾಗಿಸಿಕೊಂಡ. 1934 ಮತ್ತು 1935ರಲ್ಲಿ ಕೆನೆಟ್ ಕಡೆಯ ಕಲ್ಲುಸಾಲು, 1937ರಿಂದ 1939ರ ವರೆಗೆ ಮಹಾವೃತ್ತದ ಪಶ್ಚಿಮಾರ್ಧ ಹೀಗೆ ಕೆಲಸ ನಡೆಯಿತು. ಯುದ್ಧ ಬಂದು ನಿಂತಿತು.

ಅವನು ನೆಲದಡಿಯಲ್ಲಿ ಕಂಡದ್ದೇನು? ಹೂಳಿದ್ದ ಕಲ್ಲುಗಳು. ಹದಿನಾಲ್ಕನೆಯ ಶತಮಾನದ ಆಚೀಚೆ ಊರವರು ಈ ಕಲ್ಲುಗಳ ಪಕ್ಕದಲ್ಲಿ ಗುಂಡಿ ತೋಡಿ, ಅವನ್ನು ಉರುಳಿಸಿ, ಮಣ್ಣು ಮುಚ್ಚಿದ್ದರು. ಯಾಕೆಂದು ಬರೆದಿಟ್ಟವರಿಲ್ಲ. ಹಿಂದಿನ ದೇವತೆಗಳ ಭಯವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಉಳುಮೆಗೆ ಅಡ್ಡವೆಂದೂ ಇರಬಹುದು. ಕಾರಣವೇನೇ ಇರಲಿ, ಹೀಗೆ ಹೂತಿದ್ದರಿಂದಲೇ ಅವು ಉಳಿದವು. ಹೂಳದೆ ನಿಂತಿದ್ದುವನ್ನು ಹದಿನೆಂಟನೆಯ ಶತಮಾನದ ಬುದ್ಧಿವಂತರು ಒಡೆದು ಗೋಡೆಗೆ ಹಾಕಿಕೊಂಡರು. ಚರ್ಚಿನ ಅಟ್ಟವನ್ನು ಗಾರೆ ಬಳಿದು ಮುಚ್ಚಿದವರ ಮನೋಧರ್ಮ ಮೊದಲಿನವರದು. ಭಯಪಟ್ಟವನಿಂದ ಪರಂಪರೆಗೆ ಆದ ಹಾನಿ ಲೆಕ್ಕಹಾಕಿದವನಿಂದ ಆದುದಕ್ಕಿಂತ ಕಡಮೆ ಎಂಬುದನ್ನು ಈ ಊರಿನಲ್ಲಿ ಕಣ್ಣಾರೆ ಕಾಣಬಹುದು.

ಒಂದು ಕಲ್ಲಿನಡಿಯಲ್ಲಿ, 1938ರಲ್ಲಿ, ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಯಲ್ಲಿ ಕತ್ತರಿ, ರಕ್ತ ತೆಗೆಯುವ ಸಲಾಕೆಯಂಥದು, ಹದಿನಾಲ್ಕನೆಯ ಶತಮಾನದ ಆರಂಭದ ನಾಣ್ಯಗಳು. ಊರೂರು ಅಲೆಯುವ ಕ್ಷೌರಿಕ-ವೈದ್ಯನೆಂದು ಅವನಿಗೆ ಹೆಸರಾಯಿತು. ಕಲ್ಲು ಕೆಡವಲು ಕೈಹಾಕಿದವನ ಮೇಲೆ ಕಲ್ಲೇ ಬಿದ್ದು ಪ್ರಾಣ ಹೋಯಿತು. ಊರವರು ಹೆದರಿ ಹೂಳುವುದನ್ನು ನಿಲ್ಲಿಸಿದರು ಎಂದು ಕಥೆ ಹಬ್ಬಿತು. ಕೈಪಿಡಿ ಬರೆಯುವವರಿಗೆ ಇದಕ್ಕಿಂತ ರುಚಿಯಾದ ಕಥೆ ಬೇಕೆ? ಆ ಎಲುಬುಗಳು ಲಂಡನ್ನಿನಲ್ಲಿ 1941ರ ಬಾಂಬಿನಲ್ಲಿ ನಾಶವಾದುವೆಂದೇ ತಿಳಿದಿದ್ದರು. 1990ರ ದಶಕದ ಕೊನೆಯಲ್ಲಿ ವಸ್ತುಸಂಗ್ರಹಾಲಯವೊಂದರಲ್ಲಿ ಮತ್ತೆ ಸಿಕ್ಕವು. ಪರೀಕ್ಷೆ ಮಾಡಿದಾಗ ಕಲ್ಲಿನಡಿ ಜಜ್ಜಿ ಸತ್ತ ಗುರುತು ಕಾಣಲಿಲ್ಲ. ಸತ್ತಿದ್ದವನನ್ನೇ ಆ ಗುಂಡಿಯಲ್ಲಿ ಇಟ್ಟಿರಬಹುದು. ಕಥೆ ಮಾತ್ರ ಬದುಕಿದೆ. ನನ್ನ ಕೈಗೆ ಬಂದ ಒಂದು ಹಾಳೆಯಲ್ಲಂತೂ ಶಾಪದ ಮಾತೂ ಸೇರಿಕೊಂಡಿತ್ತು.

ಕೀಲರ್ ಹೂತ ಕಲ್ಲುಗಳನ್ನು ಎತ್ತಿ, ಅವು ನಿಂತಿದ್ದ ಗುಂಡಿಗಳಲ್ಲೇ ಮತ್ತೆ ನಿಲ್ಲಿಸಿದ. ಒಡೆದು ಹೋಗಿದ್ದ ಕಲ್ಲುಗಳ ಗುಂಡಿ ಸಿಕ್ಕಿದ ಕಡೆ ಕಾಂಕ್ರೀಟಿನ ಗಿಡ್ಡ ಗುರುತುಗಂಬಗಳನ್ನು ನಾಟಿದ. ದಕ್ಷಿಣದ ಒಳವೃತ್ತದ ನಡುವೆ ಎಲ್ಲಕ್ಕಿಂತ ಎತ್ತರವಾಗಿದ್ದ ಕಲ್ಲೊಂದನ್ನು ಸ್ಟ್ಯೂಕ್ಲಿ ಬಿದ್ದ ಸ್ಥಿತಿಯಲ್ಲಿ ಕಂಡು ಚಿತ್ರ ಬರೆದಿದ್ದ. ಅದರ ಜಾಗದಲ್ಲಿ ಈಗ ದೊಡ್ಡದೊಂದು ಕಾಂಕ್ರೀಟು ಸ್ತಂಭವಿದೆ. ಈ ಕಾಂಕ್ರೀಟು ಕುರೂಪವೆಂದು ಬೇಸರಪಡುವ ಪ್ರವಾಸಿಗಳನ್ನು ಕಂಡಿದ್ದೇನೆ. ನನಗೆ ಏವ್‌ಬರಿಯಲ್ಲಿ ಅತ್ಯಂತ ಗೌರವ ಹುಟ್ಟಿಸಿದ ವಸ್ತುಗಳು ಅವೇ. ನಮ್ಮ ಶಾಸನಸಂಪುಟಗಳಲ್ಲಿ ಅಕ್ಷರ ಅಳಿಸಿಹೋದ ಕಡೆ ಚುಕ್ಕೆಗಳನ್ನಿಟ್ಟಿರುತ್ತಾರೆ. ಸಂಪಾದಕನಿಗೆ ಅಲ್ಲಿ ಯಾವ ಪದವಿತ್ತೆಂದು ಗೊತ್ತಿದ್ದರೂ ಇಲ್ಲದ ಅಕ್ಷರವನ್ನು ಇದೆಯೆನ್ನುವುದಿಲ್ಲ. ಕೀಲರ್ ಬಯಸಿದ್ದರೆ ಬಯಲಿನಿಂದ ಹೊಸ ಕಲ್ಲುಗಳನ್ನು ತಂದು ನಿಲ್ಲಿಸಬಹುದಾಗಿತ್ತು. ಹಣವೂ ಇತ್ತು, ಕಲ್ಲೂ ಇತ್ತು. ಅದನ್ನು ಮಾಡದೆ ಚುಕ್ಕೆಯಿಟ್ಟ. ಸ್ಯಾಂಕ್ಚುರಿಯಲ್ಲಿಯೂ ಹೀಗೆಯೇ. ಮಾಡ್ ಕನಿಂಗ್ಟನ್ ಎಂಬಾಕೆ 1930ರಲ್ಲಿ ಸ್ಟ್ಯೂಕ್ಲಿಯ ಟಿಪ್ಪಣಿಯ ಜಾಡು ಹಿಡಿದು ಹೊಲದಲ್ಲಿ ಆ ಗುಂಡಿಗಳನ್ನು ಪತ್ತೆಮಾಡಿದಳು. ಸಿಕ್ಕದ್ದು ವೃತ್ತಗಳೇ, ಅಂಡಾಕಾರವಲ್ಲ. ಈಗ ಅಲ್ಲಿರುವುದು ಬರಿಯ ಕಾಂಕ್ರೀಟು ತುಂಡುಗಳು. ಬಂದವರು ಎರಡು ನಿಮಿಷ ನಿಂತು ಏನೂ ಇಲ್ಲವೆಂದು ಹೊರಟುಹೋಗುತ್ತಾರೆ. ನಾನು ಅಲ್ಲಿ ಒಂದು ಗಂಟೆ ಕುಳಿತೆ.

ಇಷ್ಟು ಹೊಗಳಿದ ಮೇಲೆ ಆಕ್ಷೇಪವನ್ನೂ ಹೇಳಬೇಕು, ಅದು ಸಣ್ಣದಲ್ಲ. ಕೀಲರನ ದೃಷ್ಟಿಯಲ್ಲಿ ಮೂಲಪಾಠವೆಂದರೆ ನವಶಿಲಾಯುಗದ ವೃತ್ತ. ಮಿಕ್ಕಿದ್ದೆಲ್ಲ ಪ್ರಕ್ಷಿಪ್ತ. ವೃತ್ತದೊಳಗೆ ಬೆಳೆದಿದ್ದ ಮರಗಳ ಬುಡಗಳನ್ನು ಸಿಡಿಮದ್ದಿಟ್ಟು ಹಾರಿಸಿದ. ಕೊಟ್ಟಿಗೆಗಳನ್ನೂ ಬಡವರ ಮನೆಗಳನ್ನೂ ಕೆಡವಿಸಿದ. 1943ರಲ್ಲಿ ತನ್ನ ಜಮೀನನ್ನು, ಬೇಸಾಯದ ನೆಲಕ್ಕಿದ್ದ ಬೆಲೆಗೇ, 12,000 ಪೌಂಡಿಗೆ ನ್ಯಾಷನಲ್ ಟ್ರಸ್ಟಿಗೆ ಮಾರಿದ. ಯುದ್ಧ ಮುಗಿದ ಮೇಲೆ ಟ್ರಸ್ಟೂ ಕೆಲಕಾಲ ಇದೇ ನೀತಿಯನ್ನು ಮುಂದುವರಿಸಿತು. ಬಿಡಾರ ಹೋದವರಿಗೆ ಕಂದಕದ ಹೊರಗೆ, ಟ್ರಸ್ಲೋದಲ್ಲಿ, ಮನೆಗಳೆದ್ದುವು. ಕಾನೂನಿನ ಪ್ರಕಾರ ಅನ್ಯಾಯವೇನೂ ನಡೆಯಲಿಲ್ಲ. ಕೊಂಡವನು ಕೆಡವಿದ, ಹೋದವರಿಗೆ ಸೂರು ಸಿಕ್ಕಿತು. ಆದರೆ ಈ ಊರನ್ನು ಕುರಿತ ಪುಸ್ತಕಗಳ ರಾಶಿಯಲ್ಲಿ ಆಬ್ರಿಯ ಬೆರಗಿದೆ, ಸ್ಟ್ಯೂಕ್ಲಿಯ ಕೋಪವಿದೆ, ಕೀಲರನ ಹಟವಿದೆ. ತಾತಮುತ್ತಾತಂದಿರ ಮನೆ ಬಿಟ್ಟು ಅರ್ಧ ಮೈಲಿ ಆಚೆಗೆ ಸಾಮಾನು ಸಾಗಿಸಿದ ಹೆಂಗಸೊಬ್ಬಳ ಮಾತು ನನ್ನ ಓದಿನಲ್ಲಿ ಸಿಕ್ಕಲಿಲ್ಲ.

ಇದು ಕೇವಲ ಕನಿಕರದ ಮಾತೆಂದು ತಳ್ಳಿಹಾಕಬಾರದು. ಸಂಪಾದನಶಾಸ್ತ್ರದ ದೃಷ್ಟಿಯಿಂದಲೂ ಇದಕ್ಕೆ ತೂಕವಿದೆ. ಒಡೆದ ಕಲ್ಲುಗಳು ಹೋದದ್ದೆಲ್ಲಿಗೆ? ಆ ಮನೆಗಳ ಗೋಡೆಗಳಿಗೆ. ವೃತ್ತದೊಳಗಿನ ಪ್ರಾರ್ಥನಾಮಂದಿರದ ಗೋಡೆಯಲ್ಲಿ, ಊರಿನ ಹಳೆಯ ಮನೆಗಳಲ್ಲಿ ಇಂದಿಗೂ ಸಾರ್ಸನ್ ತುಂಡುಗಳನ್ನು ಬೆರಳಿಟ್ಟು ತೋರಿಸಬಹುದು; ಕೆಲವು ತುಂಡುಗಳ ಮೇಲೆ ಬೆಂಕಿಯ ಕೆಂಪು ಕೂಡ ಉಳಿದಿದೆ. ಹೀಗಿರುವಾಗ ಮೂಲಪಾಠವನ್ನು ಬಿಡಿಸಿಕೊಳ್ಳಲು ಮನೆ ಕೆಡವುವುದೆಂದರೆ, ಹಳೆಯ ಕಾವ್ಯದ ಚೂರುಗಳು ಸೇರಿಕೊಂಡಿರುವ ಹೊಸ ಕಾವ್ಯವನ್ನು ಪ್ರಕ್ಷಿಪ್ತವೆಂದು ಹರಿದುಹಾಕಿದಂತೆ. ಟಾಮ್ ರಾಬಿನ್‌ಸನ್ನನೂ ಈ ಊರಿನ ಗ್ರಂಥಕರ್ತರಲ್ಲಿ ಒಬ್ಬ. ಅವನ ಕೈ ಒರಟು, ಉದ್ದೇಶ ಲಾಭ. ಆದರೂ ಅವನ ಅಧ್ಯಾಯ ಅಲ್ಲಿದೆ.

ಚಿತ್ರಕಾರ ಪಾಲ್ ನ್ಯಾಷ್ ಈ ಕಲ್ಲುಗಳನ್ನು 1933ರಲ್ಲಿ, ಕೀಲರ್ ಕೈಹಾಕುವ ಮುನ್ನ, ಪೊದೆಗಳ ನಡುವೆ ಒರಗಿ ಬಿದ್ದಿದ್ದಂತೆ ಕಂಡ. ಅದರ ಪ್ರೇರಣೆಯಿಂದ 1935ರಲ್ಲಿ ಕಲ್ಲುಗಳ ಬದಲು ಕೊಳವೆ, ಜಾಲರಿಗಳಂಥ ಆಕಾರಗಳನ್ನು ಬಯಲಿನಲ್ಲಿ ನಿಲ್ಲಿಸಿದ ಪ್ರಸಿದ್ಧ ಚಿತ್ರ ಬರೆದ. ಜೀರ್ಣೋದ್ಧಾರದಿಂದ ಸ್ಮಾರಕ ಬದುಕೀತು, ಮೊದಲಿನ ಮಾಂತ್ರಿಕತೆ ಮಾತ್ರ ಹೋಯಿತು ಎಂಬ ಭಾವ ಅವನ ಬರೆಹದಲ್ಲಿದೆ. ರಸಿಕನ ಈ ಆಕ್ಷೇಪ ನನಗೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಿಗೆಯಿಲ್ಲ. ಪಾಳುಬಿದ್ದದ್ದರ ಸೌಂದರ್ಯವನ್ನು ಸವಿಯಲು ಬರುವವನಿಗೆ ಪಾಳಿನಲ್ಲಿ ವಾಸಿಸುವ ಕಷ್ಟ ತಿಳಿಯದು. ಹೂತ ಕಲ್ಲು ಏಳಬೇಕಾಗಿತ್ತೆಂದೇ ನನ್ನ ಮತ. ಅದಕ್ಕಾಗಿ ಮನೆ ಬೀಳಬೇಕಾಗಿತ್ತೆ ಎಂಬುದು ಬೇರೆ ಪ್ರಶ್ನೆ.

ಕೀಲರ್ ತನ್ನ ಅಗೆತದ ವಿವರಗಳನ್ನು ತಾನೇ ಪ್ರಕಟಿಸದೆ 1955ರಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನೆಲ್ಲ ಕೂಡಿಸಿ, ಮಡಕೆಚೂರುಗಳನ್ನು ಒಂದೊಂದಾಗಿ ಪರಿಶೀಲಿಸಿ, 1965ರಲ್ಲಿ ಗ್ರಂಥವಾಗಿ ಹೊರತಂದದ್ದು ಐಸೊಬೆಲ್ ಸ್ಮಿತ್ ಎಂಬ ವಿದುಷಿ. ಏವ್‌ಬರಿಯನ್ನು ಕುರಿತು ನಾನು ಓದಿದ ಪುಸ್ತಕಗಳಲ್ಲಿ ಇದು ಅತ್ಯಂತ ನೀರಸ. ಅತ್ಯಂತ ನಂಬಿಕೆಗೆ ಯೋಗ್ಯ. ಅದರಲ್ಲಿ ಹಾವೂ ಇಲ್ಲ, ಪೂಜಾರಿಗಳೂ ಇಲ್ಲ.

ಇನ್ನುಳಿದ ಸ್ಥಳಗಳ ವಿಷಯ. ಸಿಲ್‌ಬರಿ ಸುಮಾರು ನೂರಮೂವತ್ತು ಅಡಿ ಎತ್ತರ. ಯೂರೋಪಿನಲ್ಲಿ ಪ್ರಾಗಿತಿಹಾಸದ ಮನುಷ್ಯನಿರ್ಮಿತ ದಿಬ್ಬಗಳಲ್ಲಿ ಇದೇ ದೊಡ್ಡದು. ಕ್ರಿ. ಪೂ. 2400ರ ಸುಮಾರಿನದು. ಒಳಗೆ ಸಿಲ್ ಎಂಬ ರಾಜ ಚಿನ್ನದ ಕುದುರೆಯ ಮೇಲೆ ಕುಳಿತಿದ್ದಾನೆಂದು ಐತಿಹ್ಯ. ಅವನನ್ನು ಹುಡುಕಿ 1776ರಲ್ಲಿ ಡ್ಯೂಕೊಬ್ಬ ಕಾರ್ನ್‌ವಾಲಿನ ಗಣಿಗಾರರಿಂದ ನೆತ್ತಿಯಿಂದ ಬುಡದವರೆಗೆ ಬಾವಿ ತೋಡಿಸಿದ. 1849ರಲ್ಲಿ ಪಾದ್ರಿಯೊಬ್ಬರು ಪಕ್ಕದಿಂದ ಸುರಂಗ ಕೊರೆಸಿದರು. 1968ರಿಂದ 1970ರ ವರೆಗೆ ಟೆಲಿವಿಷನ್ನಿನವರ ಹಣದಿಂದ ಇನ್ನೊಂದು ಸುರಂಗವಾಯಿತು. ರಾಜನೂ ಇಲ್ಲ, ಕುದುರೆಯೂ ಇಲ್ಲ. ಒಡಲೊಳಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಹುಲ್ಲಿನ ಹೆಂಟೆಗಳಿದ್ದುವು. ಹೀಗೆ ಎಲ್ಲರೂ ಕೊರೆದದ್ದರ ಫಲವಾಗಿ 2000ದಲ್ಲಿ ನೆತ್ತಿ ಕುಸಿದು ಗುಂಡಿ ಬಿತ್ತು. 2007 ಮತ್ತು 2008ರಲ್ಲಿ ಒಳಗನ್ನೆಲ್ಲ ಸುಣ್ಣಗಲ್ಲಿನಿಂದ ತುಂಬಿ ಮುಚ್ಚಿದರು. ಈಗ ಮೇಲೆ ಹತ್ತಲು ಅಪ್ಪಣೆಯಿಲ್ಲ. ಅರ್ಥವನ್ನು ಹುಡುಕುತ್ತೇವೆಂದು ಕಾವ್ಯದ ಹೊಟ್ಟೆ ಬಗೆಯುವ ವ್ಯಾಖ್ಯಾನಕಾರರಿಗೆ ನಾನು ಈ ಗುಡ್ಡವನ್ನು ತೋರಿಸಬಯಸುತ್ತೇನೆ.

ವೆಸ್ಟ್ ಕೆನೆಟ್ ಸಮಾಧಿಯೊಳಕ್ಕೆ ಮಾತ್ರ ಯಾರು ಬೇಕಾದರೂ ನಡೆದುಹೋಗಬಹುದು. 1955 ಮತ್ತು 1956ರಲ್ಲಿ ಪಿಗಟ್ಟನೂ ಆಟ್ಕಿನ್‌ಸನ್ನನೂ ಅಗೆದು ಸರಿಪಡಿಸಿದ ಐದು ಕಲ್ಲುಕೋಣೆಗಳು ಅಲ್ಲಿವೆ. ಸಾವಿರ ವರ್ಷ ಕಾಲ ಇಲ್ಲಿ ಹೆಣಗಳನ್ನಿಡುತ್ತಿದ್ದರೆಂದು ಹಳೆಯ ಕೈಪಿಡಿಗಳು ಬರೆದುವು. 2007ರಲ್ಲಿ ಪ್ರಕಟವಾದ ಕಾಲನಿರ್ಣಯದಿಂದ ತಿಳಿದದ್ದೇ ಬೇರೆ: ಮೊದಲ ಶವಗಳನ್ನೆಲ್ಲ ಇಟ್ಟದ್ದು ಹೆಚ್ಚುಕಡಮೆ ಒಂದೇ ತಲೆಮಾರಿನಲ್ಲಿ. ಅಂದರೆ ಅಲ್ಲಿ ಮಲಗಿದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಬಲ್ಲವರಾಗಿದ್ದರು. ಈ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಆ ಕತ್ತಲ ಕೋಣೆಗಳನ್ನು ಮಾರ್ಪಡಿಸಿದಷ್ಟು ಯಾವ ಡ್ರೂಯಿಡನ ವರ್ಣನೆಯೂ ಮಾರ್ಪಡಿಸಿಲ್ಲ. ಆದರೂ ಬಾಗಿಲ ಬಳಿ ನಿಂತ ಸಾರಥಿಯೊಬ್ಬ ತನ್ನ ಗುಂಪಿಗೆ ಸಾವಿರ ವರ್ಷದ ಮಾತನ್ನೇ ಹೇಳುತ್ತಿದ್ದ.

ಈ ಜಮೀನಿನ ಕೆಲವು ಭಾಗವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಕಟ್ಟುವವರ ಕೈಯಿಂದ ತಪ್ಪಿಸಿದವನು ಜಾನ್ ಲಬಕ್ ಎಂಬ ಬ್ಯಾಂಕರು. ಶಿಲಾಯುಗವನ್ನು ಹಳತು ಹೊಸತೆಂದು ವಿಂಗಡಿಸಿ ಅವಕ್ಕೆ ಇಂದಿನ ಇಂಗ್ಲಿಷ್ ಹೆಸರುಗಳನ್ನು ಕೊಟ್ಟವನೂ ಅವನೇ. ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1882ರಲ್ಲಿ ಮೊದಲ ಕಾಯಿದೆ ಬಂದದ್ದೂ ಅವನ ಪಟ್ಟಿನಿಂದ. ಮುಂದೆ ಲಾರ್ಡ್ ಏವ್‌ಬರಿ ಎಂದು ಬಿರುದಾಯಿತು. ಹಿಂದಿನ ತಲೆಮಾರಿನ ಇಂಗ್ಲಿಷ್ ಪಠ್ಯಗಳಲ್ಲಿ ಈ ಹೆಸರನ್ನು ಕಂಡ ಹಿರಿಯರಿರಬಹುದು. ಹಿತವಚನಗಳ ಆ ಲೇಖಕ ಇವನೇ.

ಮಹಾವೃತ್ತದ ಪೂರ್ವಾರ್ಧವನ್ನು ಕೀಲರನ ಬಳಿಕ ಯಾರೂ ಅಗೆದು ಎತ್ತಿಲ್ಲ. 2003ರಲ್ಲಿ ನೆಲ ತೋಡದೆಯೇ ಉಪಕರಣಗಳಿಂದ ಶೋಧಿಸಿದಾಗ ಅಲ್ಲಿ ಇನ್ನೂ ಹಲವು ಕಲ್ಲುಗಳು ಮಣ್ಣಿನಡಿ ಮಲಗಿರುವುದು ತಿಳಿದುಬಂತು. ಎಲ್ಲಿವೆ, ಎಷ್ಟು ದೊಡ್ಡವು ಎಂಬುದೂ ಗೊತ್ತಾಗಿದೆ. ಎತ್ತಬೇಕೆನ್ನುವವರಿದ್ದಾರೆ, ಬೇಡವೆನ್ನುವವರಿದ್ದಾರೆ. ನನ್ನನ್ನು ಕೇಳಿದರೆ ಈಗ ಬೇಡ. ಒಂದೇ ಗ್ರಂಥದ ಅರ್ಧ ಪರಿಷ್ಕೃತವಾಗಿ, ಅರ್ಧ ಲಿಪಿಕಾರ ಬಿಟ್ಟಂತೆಯೇ ಒಟ್ಟಿಗಿರುವ ಅವಕಾಶ ಬೇರೆಲ್ಲಿ ಸಿಕ್ಕೀತು? ಪಶ್ಚಿಮದಲ್ಲಿ ಕೀಲರ್ ನಿಲ್ಲಿಸಿದ ಕಲ್ಲುಗಳನ್ನೂ ಕಾಂಕ್ರೀಟಿನ ಚುಕ್ಕೆಗಳನ್ನೂ ನೋಡಿಕೊಂಡು, ರಸ್ತೆ ದಾಟಿ ಪೂರ್ವಕ್ಕೆ ಬಂದರೆ ಬರಿಯ ಹುಲ್ಲು. ಅಲ್ಲಲ್ಲಿ ನೆಲ ಸ್ವಲ್ಪ ತಗ್ಗಿದೆ. ನಾನು ಹೋದ ದಿನ ಅಂಥ ಒಂದು ತಗ್ಗಿನಲ್ಲಿ ಎರಡು ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಮಲಗಿದ್ದುವು.